ಅರವತ್ತಮೂರು ಡಿಗ್ರಿ

"ಸೆನ್ಸರ್ ಕೆಟ್ಟಿತ್ತು ಅಂತ ಒಂದು ಸಾಲು ಬರೆದು ಸಹಿ ಹಾಕು, ಸಾಯ್ಮಾ. ಎಲ್ಲರೂ ಮನೆಗೆ ಹೋಗಿ ಸೂಪು ಕುಡಿಯೋಣ," ಎಂದ ರೈನೆರ್ ಹಿಯೆತಾಲಾ.

ರಿಪೇರಿ ಶೆಡ್ಡಿನ ಒಡತಿ ಸಾಯ್ಮಾ ತಲೆ ಎತ್ತಲಿಲ್ಲ. ಅವಳ ಅರ್ಧ ಮೈ ಅವನ ಪಿಕಪ್ಪಿನ ಬಾನೆಟ್ಟಿನೊಳಗಿತ್ತು. ಅರವತ್ತೊಂದರ ವಯಸ್ಸಿಗೂ ಅವಳ ಬೆನ್ನು ಬಾಗುತ್ತಿದ್ದುದು ಎಂಜಿನ್ನಿನ ಮುಂದೆ ಮಾತ್ರ.

"ಹಸಿದೋರು ಹೋಗಬಹುದು. ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗು. ಒಲೆ ಕಾವೆಲ್ಲ ಹೊರಗೆ ಹೋಗ್ತಾ ಇದೆ."

ರೈನೆರ್ ಬಾಗಿಲು ಹಾಕಿದ. ಆದರೆ ಒಳಗೇ ನಿಂತ.

ಕೋರ್ಪಿವಾರಾ ಊರಿನ ಏಕೈಕ ಪೊಲೀಸ್ ಅಧಿಕಾರಿ ಇರ್ಯಾ ಪೊಯ್ಕೆಲಾ ಸಾಮಾನಿನ ಮೇಜಿಗೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು. ಮಂಗಳವಾರ ಬೆಳಗ್ಗೆ ಯಾವುದೋ ಗಾಡಿ ಬಡಿದು ಕಾಡುದಾರಿಯ ಪಕ್ಕದಲ್ಲಿ ಸತ್ತು ಬಿದ್ದಿದ್ದ, ರಸ್ತೆ ಇಲಾಖೆಯಿಂದ ನಿವೃತ್ತನಾಗಿದ್ದ ಮುದುಕ ಆರ್ವಿಯ ಪ್ರಕರಣಕ್ಕೆ ಇವತ್ತು, ಗುರುವಾರ, ಮೂರನೆಯ ದಿನ. ಅವಳ ಕೈಯಲ್ಲಿದ್ದ ಆಧಾರವೆಂದರೆ ಒಂದೇ ಒಂದು ಅಂಕಿ.

ಅರವತ್ತಮೂರು.

ಆ ಅಂಕಿ ಸಿಕ್ಕಿದ್ದು ರೈನೆರನ ಪಿಕಪ್ಪಿನ ಕಂಪ್ಯೂಟರಿನಲ್ಲಿ. ಮಂಗಳವಾರ ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ ಅವನು ಗಾಡಿ ಸ್ಟಾರ್ಟ್ ಮಾಡಿದಾಗ ಬ್ಯಾಟರಿಯ ಶಕ್ತಿ ಒಂದು ಗಳಿಗೆ ಕುಸಿದಿತ್ತು. ಇಂಥ ತಪ್ಪು ಕಂಡರೆ ಕಂಪ್ಯೂಟರ್ ಆ ಗಳಿಗೆಯ ಲೆಕ್ಕವನ್ನೆಲ್ಲ ಫೋಟೋ ತೆಗೆದಂತೆ ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನ ಗಾಳಿ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ. ಎಂಜಿನ್ನಿನ ನೀರು ಸೊನ್ನೆಯ ಮೇಲೆ ಅರವತ್ತಮೂರು.

ರೈನೆರ್ ಬರೆದುಕೊಟ್ಟಿದ್ದ ಹೇಳಿಕೆಯಲ್ಲೋ, ಗಾಡಿ ಸೋಮವಾರ ಸಂಜೆ ಆರರಿಂದ ಮಂಗಳವಾರ ಎಂಟೂ ಇಪ್ಪತ್ತರವರೆಗೆ ಅಂಗಳದಿಂದ ಅಲ್ಲಾಡಿರಲಿಲ್ಲ.

ಹದಿನಾಲ್ಕು ಗಂಟೆ ಆ ಚಳಿಯಲ್ಲಿ ನಿಂತ ಎಂಜಿನ್ ಅಷ್ಟು ಬಿಸಿ ಇರುವುದು ಹೇಗೆ?

ಬೆಳಗ್ಗೆ ನಗರದಿಂದ ಮೇಲಧಿಕಾರಿ ಫೋನ್ ಮಾಡಿದ್ದ. "ಇರ್ಯಾ, ಒಂದು ಸೆನ್ಸರ್ ಮಾತು ಕೇಳಿಕೊಂಡು ಪಂಚಾಯಿತಿ ಅಧ್ಯಕ್ಷನ ಮೇಲೆ ಕೊಲೆ ಹೊರಿಸೋಕೆ ಆಗುತ್ತಾ? ವಕೀಲರು ನಗ್ತಾರೆ. ಅಪರಿಚಿತ ವಾಹನ ಅಂತ ಬರೆದು ಸಂಜೆಯೊಳಗೆ ಮುಚ್ಚು."

"ಮುಚ್ಚಲ್ಲ," ಎಂದಿದ್ದಳು ಇರ್ಯಾ.

"ಇದು ಸಲಹೆ ಅಲ್ಲ."

"ಗೊತ್ತು. ಮುಚ್ಚಲ್ಲ ಅಂದಿದ್ದೂ ಸಲಹೆ ಅಲ್ಲ."

ಹಾಗೆ ಹೇಳಲು ಅವಳಿಗೆ ಧೈರ್ಯ ಬಂದದ್ದು ಆ ಅಂಕಿಯಿಂದಲ್ಲ. ಹಿಮದ ಮೇಲಿದ್ದ ಗುರುತಿನಿಂದ. ಆರ್ವಿ ಬಿದ್ದ ಜಾಗದಲ್ಲೇ ಸತ್ತಿರಲಿಲ್ಲ. ಮುರಿದ ಕಾಲೆಳೆದುಕೊಂಡು ಮೂವತ್ತೆಂಟು ಮೀಟರ್ ತೆವಳಿದ್ದ. ಇರ್ಯಾ ಮೊಣಕಾಲೂರಿ ಅಷ್ಟನ್ನೂ ಟೇಪಿನಲ್ಲಿ ಅಳೆದಿದ್ದಳು. ಯಾರೋ ಗಾಡಿ ನಿಲ್ಲಿಸಿ ಒಂದು ಫೋನ್ ಮಾಡಿದ್ದರೆ ಅವನು ಇವತ್ತು ಆಸ್ಪತ್ರೆಯ ಹಾಸಿಗೆಯಲ್ಲಿ ನರ್ಸುಗಳನ್ನು ಬೈದುಕೊಂಡಿರುತ್ತಿದ್ದ.

"ಹೀಟರ್ ಇತ್ತಲ್ಲಾ," ಎಂದ ರೈನೆರ್, ಮಗುವಿಗೆ ಹೇಳಿಕೊಡುವವನ ಹಾಗೆ. "ಅಂಗಳದ ಕಂಬಕ್ಕೆ ವೈರು ಸಿಕ್ಕಿಸಿದ್ದೆ. ಇಲ್ಲಿ ಎಲ್ಲರೂ ಸಿಕ್ಕಿಸ್ತಾರೆ. ಅದು ಇರೋದೇ ಎಂಜಿನ್ ಕಾಯಿಸೋಕೆ."

ಸಾಯ್ಮಾ ಬಾನೆಟ್ಟಿನಿಂದ ಹೊರಬಂದು ಕೈ ಒರೆಸಿಕೊಂಡಳು.

"ನಿನ್ನ ಕಂಬದ ಗಡಿಯಾರ ಎರಡೇ ಗಂಟೆ ಕಾಯಿಸೋ ಹಾಗೆ ಇಟ್ಟಿದೆ. ನಿನ್ನೆ ಹೋಗಿ ನೋಡಿದೀನಿ. ಆ ಚಳೀಲಿ ಎರಡು ಗಂಟೆ ಕಾಯಿಸಿದ್ರೆ ನೀರು ಇಪ್ಪತ್ತಕ್ಕೆ ಬರುತ್ತೆ. ಭಾರೀ ಪುಣ್ಯವಂತನಾದ್ರೆ ಇಪ್ಪತ್ತೈದು."

"ನನ್ನ ಹೀಟರ್ ಹೊಸದು."

"ಆಗಲಿ, ಅರವತ್ತು ಅಂತಲೇ ಇಟ್ಕೋ. ಹೀಟರ್ ಕಾಯಿಸೋದು ಎಂಜಿನ್ ನೀರನ್ನ. ಗೇರ್ ಬಾಕ್ಸಿನ ಎಣ್ಣೆಗೂ ಅದಕ್ಕೂ ಸಂಬಂಧ ಇಲ್ಲ. ಆ ಎಣ್ಣೆಗೆ ಬೇರೆ ಸೆನ್ಸರ್ ಇದೆ. ಅದೇ ಗಳಿಗೇಲಿ ಅದು ಮೂವತ್ತೊಂಬತ್ತು ತೋರಿಸಿದೆ. ನಿಂತ ಗಾಡೀಲಿ ಆ ಎಣ್ಣೆ ಜೇನುತುಪ್ಪದ ಹಾಗೆ ಗಟ್ಟಿಯಾಗಿ ಮೈನಸ್ಸಲ್ಲಿ ಕೂತಿರಬೇಕಿತ್ತು. ಅದು ಬಿಸಿಯಾಗೋದು ಒಂದೇ ರೀತೀಲಿ. ಚಕ್ರ ಉರುಳಿದಾಗ."

ರೈನೆರ್ ಇರ್ಯಾಳ ಕಡೆ ತಿರುಗಿದ. "ನೋಡು, ಎರಡೂ ಸೆನ್ಸರ್ ಕೆಟ್ಟಿವೆ."

"ಎರಡೂ ಒಂದೇ ದಿನ, ಒಂದೇ ಗಳಿಗೇಲಿ, ಒಂದೇ ಸುಳ್ಳು ಹೇಳೋಕೆ ಮಾತಾಡಿಕೊಂಡಿದ್ವಾ?" ಎಂದಳು ಇರ್ಯಾ.

"ಹಾಕಿದ್ದು ಇವಳೇ ಅಲ್ವಾ? ಜನವರೀಲಿ ನೀರಿನ ಸೆನ್ಸರ್ ಬದಲಾಯಿಸಿದ್ದು ಇವಳೇ. ತನ್ನ ಕೆಲಸ ಕೆಟ್ಟದು ಅಂತ ಇವಳು ಒಪ್ತಾಳಾ? ಕಳ್ಳನನ್ನೇ ಕಾವಲಿಗೆ ಕೂರಿಸಿದ ಹಾಗಾಯಿತು."

ಇರ್ಯಾ ಸಾಯ್ಮಾಳ ಮುಖ ನೋಡಿದಳು. ರೈನೆರನ ಮರ ಸಾಗಿಸುವ ಲಾರಿಗಳು, ಹಿಮ ಗುಡಿಸುವ ಯಂತ್ರಗಳು, ಎಲ್ಲವೂ ರಿಪೇರಿಗೆ ಬರುತ್ತಿದ್ದುದು ಈ ಶೆಡ್ಡಿಗೇ. ಅವನು ಬೇರೆ ಕಡೆ ಹೋದರೆ ಇಲ್ಲಿನ ಒಲೆ ಆರುತ್ತದೆ. ಅದು ಮೂವರಿಗೂ ಗೊತ್ತಿತ್ತು.

"ಸರಿಯಾದ ಮಾತು," ಎಂದಳು ಸಾಯ್ಮಾ. "ನನ್ನನ್ನ ನಂಬಬೇಡ. ಇರ್ಯಾಳನ್ನೂ ನಂಬಬೇಡ. ಹೊರಗೆ ಹೋಗಿ ಬಕೆಟ್ಟಿನ ತುಂಬ ಹಿಮ ತಗೊಂಡು ಬಾ."

"ಏನು?"

"ಹಿಮ. ನಿನ್ನ ಕೈಯಾರೆ. ಎಲ್ಲಿಂದ ಬೇಕಾದ್ರೂ ತಗೋ."

ರೈನೆರ್ ನಕ್ಕ. ಆದರೆ ಹೋದ. ಕಿಟಕಿಯ ಆಚೆ ಅವನ ಆರಡಿ ಮೂರಂಗುಲದ ದೇಹ ಬಗ್ಗಿ ಸಲಿಕೆಯಲ್ಲಿ ಹಿಮ ತುಂಬುವುದು ಕಾಣುತ್ತಿತ್ತು. ಇರ್ಯಾ ದನಿ ತಗ್ಗಿಸಿದಳು.

"ನಿಜವಾಗಲೂ ಸೆನ್ಸರ್ ಕೆಟ್ಟಿದ್ರೆ?"

"ಕೆಟ್ಟಿದ್ರೆ ಕೆಟ್ಟಿದೆ ಅಂತಲೇ ಬರೀತೀನಿ, ಹುಡುಗಿ. ನಿನಗೋಸ್ಕರ ಸುಳ್ಳು ಬರೆಯಲ್ಲ, ಅವನಿಗೋಸ್ಕರವೂ ಬರೆಯಲ್ಲ."

ಸಾಯ್ಮಾ ಎಂಜಿನ್ನಿನ ಪಕ್ಕದಿಂದ ಸೆನ್ಸರಿನ ಪ್ಲಗ್ ಕಿತ್ತು ಬೆಳಕಿಗೆ ಹಿಡಿದಳು. ಒಳಗಿನ ಎರಡು ಪಿನ್ನುಗಳು ಹೊಸ ಸೂಜಿಯಂತೆ ಹೊಳೆಯುತ್ತಿದ್ದವು. ಹಸಿರು ಕಿಲುಬಿಲ್ಲ, ತೇವವಿಲ್ಲ. ವೈರನ್ನು ಉದ್ದಕ್ಕೂ ಬೆರಳಲ್ಲಿ ಹಿಸುಕುತ್ತ ಬಂದಳು, ಎಲ್ಲೂ ಸವೆದಿರಲಿಲ್ಲ. ನೀರಿನ ಮಟ್ಟ ಗೆರೆಯವರೆಗೆ ಸರಿಯಾಗಿತ್ತು. ನೀರು ಕಡಿಮೆಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ ಅದು ಬಾಯಿಗೆ ಬಂದದ್ದು ಹೇಳುತ್ತದೆ ಎಂದು ಅವಳು ಇರ್ಯಾಳಿಗೆ ವಿವರಿಸಿದಳು. ಆಮೇಲೆ ಸ್ಪಾನರ್ ಹಾಕಿ ಬಿಚ್ಚಿದಳು. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ತುಂಡು. ತುದಿಯಿಂದ ಎಂಜಿನ್ನಿನ ಹಸಿರು ಬಣ್ಣದ ನೀರು ತೊಟ್ಟಿಕ್ಕಿತು.

ರೈನೆರ್ ಬಕೆಟ್ ತಂದಿಟ್ಟ. ಸಾಯ್ಮಾ ಅದಕ್ಕೆ ಒಂದು ಚೊಂಬು ನೀರು ಸುರಿದು ಕಲಕಿ ಕೆಸರಿನ ಹಾಗೆ ಮಾಡಿದಳು.

"ಕರಗುತ್ತಿರೋ ಹಿಮ ಯಾವಾಗಲೂ ಸೊನ್ನೆ. ಕುದಿಯೋ ನೀರು ಹೆಚ್ಚು ಕಡಿಮೆ ನೂರು. ಈ ಎರಡನ್ನ ಪಂಚಾಯಿತಿ ಅಧ್ಯಕ್ಷನೂ ಬದಲಾಯಿಸೋಕೆ ಆಗಲ್ಲ." ಅವಳು ಕಪಾಟಿನಿಂದ ಎಣ್ಣೆ ಕಲೆಯ ಪುಸ್ತಕವೊಂದನ್ನು ತೆಗೆದು, ಒಂದು ಪುಟ ಬಿಡಿಸಿ ಅವನ ಮುಂದಿಟ್ಟಳು. "ಇದು ಗಾಡಿ ಮಾಡಿದವರ ಪಟ್ಟಿ. ಸೆನ್ಸರ್ ತಣ್ಣಗಿದ್ದಾಗ ಕರೆಂಟನ್ನ ಜಾಸ್ತಿ ತಡೆಯುತ್ತೆ, ಬಿಸಿಯಾದಷ್ಟೂ ಬಿಟ್ಟುಕೊಡುತ್ತೆ. ಎಷ್ಟು ಡಿಗ್ರಿಗೆ ಎಷ್ಟು ಓಮ್ ಅಂತ ಬರೆದಿದೆ. ಮೀಟರ್ ನೀನೇ ಹಿಡಿ. ಗಟ್ಟಿಯಾಗಿ ಓದು."

ಎರಡು ವೈರು ಸಿಕ್ಕಿಸಿದ ಸೆನ್ಸರನ್ನು ಅವಳು ಹಿಮದ ಕೆಸರಿಗೆ ಇಳಿಸಿದಳು. ಮೀಟರಿನ ಅಂಕಿಗಳು ಓಡಿ ಓಡಿ ನಿಧಾನವಾದವು.

"ಓದು."

"ಐದು ಸಾವಿರದ ಎಂಟುನೂರ ಎಪ್ಪತ್ತು."

"ಪುಸ್ತಕ?"

ರೈನೆರ್ ಪುಟದ ಮೇಲೆ ಬೆರಳಿಟ್ಟ. "ಐದು ಸಾವಿರದ ಎಂಟುನೂರ ತೊಂಬತ್ತಾರು."

"ಸೊನ್ನೇಲಿ ಸರಿ ಹೇಳ್ತಾ ಇದೆ. ಮುಂದೆ."

ಸಾಯ್ಮಾ ಕೆಟಲ್ ಕುದಿಯಲು ಇಟ್ಟಳು. ಬೆಳಗ್ಗೆಯಿಂದ ಅದೇ ಕೆಟಲಿನ ನೀರಲ್ಲಿ ಮೂರು ಸಲ ಕಾಫಿಯಾಗಿತ್ತು. ಸೆನ್ಸರ್ ಆವಿಯೊಳಗಿಂದ ಕುದಿನೀರಿಗೆ ಇಳಿಯಿತು.

"ನೂರ ಎಂಬತ್ತೊಂಬತ್ತು," ಎಂದು ಓದಿದ ರೈನೆರ್. ಪುಸ್ತಕದ ಕಡೆ ನೋಡಿದ. ಈ ಸಲ ಓದಲಿಲ್ಲ.

ಇರ್ಯಾ ಬಗ್ಗಿ ಓದಿದಳು. "ನೂರ ಎಂಬತ್ತೇಳು."

"ಈಗ ಮಧ್ಯದ್ದು. ನೀನೇ ಬೆರೆಸು, ರೈನೆರ್. ಥರ್ಮಾಮೀಟರ್ ಅರವತ್ತಮೂರು ತೋರಿಸೋವರೆಗೆ ಹಿಮ ಹಾಕು."

ಅವನು ಹಿಮ ಹಾಕಲಿಲ್ಲ. ಮೀಟರನ್ನು ಮೇಜಿನ ಮೇಲಿಟ್ಟ. ಇರ್ಯಾಳೇ ಒಂದೊಂದು ಚಮಚ ಹಿಮ ಹಾಕುತ್ತ ನೀರನ್ನು ಇಳಿಸಿದಳು. ಅರವತ್ತಮೂರಕ್ಕೆ ಮೀಟರ್ ಐನೂರ ನಲವತ್ತು ತೋರಿಸಿತು. ಪುಸ್ತಕದ ಎರಡು ಸಾಲುಗಳ ನಡುವೆ ಎಲ್ಲಿರಬೇಕೋ ಅಲ್ಲೇ.

"ಇನ್ನೊಂದು ಮಾತು ಕೇಳ್ಕೋ," ಎಂದಳು ಸಾಯ್ಮಾ. "ಇದು ಕೆಟ್ಟಿದ್ದರೂ ನಿನ್ನ ಕಥೆ ನಿಲ್ತಾ ಇರಲಿಲ್ಲ. ಪಿನ್ನು ಕಿಲುಬು ಹಿಡಿದ್ರೆ, ವೈರು ಸಡಿಲ ಆದ್ರೆ, ತಡೆ ಜಾಸ್ತಿಯಾಗುತ್ತೆ. ಆಗ ಕಂಪ್ಯೂಟರ್‌ಗೆ ಎಂಜಿನ್ ಇನ್ನೂ ತಣ್ಣಗಿದ್ದ ಹಾಗೆ ಕಾಣುತ್ತೆ. ವೈರಿಗೆ ವೈರು ತಾಗಿ ಶಾರ್ಟ್ ಆದ್ರೆ ನೂರ ನಲವತ್ತು ಅಂತ ಕಿರುಚುತ್ತೆ. ಅರವತ್ತಮೂರು ಅಂತ ಮರ್ಯಾದೆಯಾಗಿ ಸುಳ್ಳು ಹೇಳೋ ಸೆನ್ಸರನ್ನ ನಲವತ್ತು ವರ್ಷದಲ್ಲಿ ನಾನು ನೋಡಿಲ್ಲ."

"ಅಂದ್ರೆ ಗಾಡಿ ಓಡಿದೆ," ಎಂದಳು ಇರ್ಯಾ.

"ಓಡಿದೆ. ಚೆನ್ನಾಗಿ ಬಿಸಿಯಾಗೋವಷ್ಟು ಓಡಿ, ಬಂದು ನಿಂತು, ಆರೋಕೆ ಶುರುವಾಗಿದೆ. ಆ ಚಳೀಲಿ ಅರವತ್ತಮೂರಕ್ಕೆ ಇಳಿಯೋಕೆ ಮುಕ್ಕಾಲು ಗಂಟೆ ಸಾಕು. ಏಳೂ ಮೂವತ್ತೈದರ ಆಸುಪಾಸಿಗೆ ಅಂಗಳಕ್ಕೆ ವಾಪಸ್ ಬಂದಿದೆ."

ಆರ್ವಿಗೆ ಗಾಡಿ ಬಡಿದದ್ದು ಆರೂವರೆಯಿಂದ ಏಳೂವರೆಯ ನಡುವೆ ಎಂದು ಡಾಕ್ಟರು ಹೇಳಿದ್ದರು. ಬಡಿದ ಜಾಗದಿಂದ ರೈನೆರನ ಅಂಗಳ ಇಪ್ಪತ್ತು ನಿಮಿಷದ ದಾರಿ.

ಇರ್ಯಾ ಅವನ ಎದುರಿಗೆ ಬಂದು ನಿಂತಳು. ಅವಳ ತಲೆ ಅವನ ಎದೆಗೆ ಬರುತ್ತಿತ್ತು. ಶಾಲೆಯಲ್ಲೂ ಅಷ್ಟೇ ಇತ್ತು. ಅಲ್ಲೂ ಅವಳು ಅವನ ಎದುರು ಹಿಂದಕ್ಕೆ ಸರಿದವಳಲ್ಲ.

"ಕಾಡುದಾರಿ ಅಗಲ ಮಾಡೋಕೆ ಆರ್ವಿ ಬಿಡಲಿಲ್ಲ. ಹೋದ ತಿಂಗಳ ಸಭೇಲಿ 'ನೀನು ಬದುಕಿರೋವರೆಗೆ ಈ ಊರಿಗೆ ದಾರಿ ಇಲ್ಲ' ಅಂದೆ. ನಲವತ್ತು ಜನ ಕೇಳಿಸಿಕೊಂಡಿದ್ದಾರೆ."

"ಅಂದೆ. ಅದನ್ನ ಈಗಲೂ ಅಂತೀನಿ. ಅವನು ಕತ್ತೆಗಿಂತ ಮೊಂಡ."

"ಮಂಗಳವಾರ ಬೆಳಗ್ಗೆ ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ."

"ಗಾಡಿ ತಾನೇ ಹೋಗಿತ್ತಾ?"

 ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಇರ್ಯಾ ಇಪ್ಪತ್ತು ವರ್ಷಗಳಿಂದ ನೋಡಿದ್ದಳು. ಈ ಮನುಷ್ಯನ ಮುಖದಲ್ಲಿ ಆ ಗಲಿಬಿಲಿ ಇರಲಿಲ್ಲ. ಅಲ್ಲಿದ್ದದ್ದು ಬೇಸರ, ಹೇಳಬಾರದೆಂದುಕೊಂಡದ್ದನ್ನು ಹೇಳಲೇಬೇಕಾದವನ ಬೇಸರ.

"ಮುಚ್ಚು ಅಂದೆ. ನಿಮ್ಮ ಮೇಲಿನವರ ಹತ್ತಿರವೂ ಹೇಳಿಸಿದೆ," ಎಂದ. "ನಿನ್ನಂಥ ಹಟಮಾರಿಗೆ ಯಾರು ಹೇಳೋದು?"

ಅವನು ಕೋಟಿನ ಒಳಜೇಬಿಗೆ ಕೈ ಹಾಕಿ ಮಡಚಿದ ಕಾಗದವೊಂದನ್ನು ತೆಗೆದು ಚಾಚಿದ.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ. ಪೆನ್ಸಿಲ್ ಬರಹ. ರಸ್ತೆ ಇಲಾಖೆಯ ಫಾರಂಗಳಲ್ಲಿ ಮೂವತ್ತು ವರ್ಷ ದುಂಡಗೆ ಬರೆದ ಆ ಅಕ್ಷರಗಳನ್ನು ಇರ್ಯಾ ಬೇರೆ ಎಲ್ಲಿಯೂ ನೋಡಿರಲಿಲ್ಲ.

*ರೈನೆರ್, ನನ್ನ ಗಾಡಿ ಸ್ಟಾರ್ಟ್ ಆಗ್ತಿಲ್ಲ. ನಿನ್ನದು ತಗೊಂಡು ಹೋಗ್ತಿದೀನಿ, ಕೀ ಅದರಲ್ಲೇ ಇತ್ತು. ಬೈಯೋದಿದ್ರೆ ಆಮೇಲೆ ಬೈ. ಈ ಚಳೀಲಿ ಅವಳನ್ನ ಬಸ್ ಸ್ಟಾಪಿನಲ್ಲಿ ಕಾಯಿಸೋಕೆ ಆಗಲ್ಲ. ಎಂಟರೊಳಗೆ ತಂದು ನಿಲ್ಲಿಸ್ತೀನಿ. ಆರ್ವಿ.*

ಇರ್ಯಾ ಎರಡು ಸಲ ಓದಿದಳು. ಸಾಯ್ಮಾ ಅವಳ ಭುಜದ ಮೇಲಿಂದ ಓದಿ ಮೆಲ್ಲಗೆ ಉಸಿರು ಬಿಟ್ಟಳು.

ಆ ಬೆಳಗ್ಗೆ ಗಾಡಿ ತೆಗೆದುಕೊಂಡು ಹೋದವನು ಸತ್ತವನೇ. ಅದೇ ಗಾಡಿ ಅವನನ್ನು ಬಡಿದಿದ್ದರೆ, ಆಗ ಸ್ಟೀರಿಂಗ್ ಹಿಡಿದಿದ್ದದ್ದು ಬೇರೆ ಯಾರೋ.

"ಅಡುಗೆಮನೆ ಬಾಗಿಲಿಗೆ ಸಿಕ್ಕಿಸಿದ್ದ," ಎಂದ ರೈನೆರ್. "ನಾನು ಎದ್ದು ನೋಡೋ ಹೊತ್ತಿಗೆ ಗಾಡಿ ಅಂಗಳದಲ್ಲೇ ಇತ್ತು. ಮುದುಕ ಹೇಳಿದ ಹಾಗೆ ತಂದು ನಿಲ್ಲಿಸಿದಾನೆ ಅಂದುಕೊಂಡೆ. ಹತ್ತು ಗಂಟೆಗೆ ಹೆಣ ಸಿಕ್ಕಿತು ಅಂತ ಸುದ್ದಿ ಬಂತು."

"ಎರಡು ದಿನ ಇದನ್ನ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಇದು ಅಪರಾಧ ಅಂತ ಗೊತ್ತಾ?"

"ಗೊತ್ತು."

"ನಿನ್ನನ್ನ ಉಳಿಸೋ ಕಾಗದ ಇದು. ಯಾಕೆ ಬಚ್ಚಿಟ್ಟೆ?"

"ಇದನ್ನ ತೋರಿಸಿದ್ರೆ 'ಅವಳು' ಯಾರು ಅಂತ ಕೇಳ್ತೀಯ. ಅದಕ್ಕೆ." ಅವನು ಇನ್ನೊಂದು ಜೇಬಿಗೆ ಕೈ ಹಾಕಿದ. "ಡ್ರೈವರ್ ಸೀಟಿಗೂ ಬಾಗಿಲಿಗೂ ನಡುವೆ ಬಿದ್ದಿತ್ತು."

ಮೇಜಿನ ಮೇಲೆ, ಮೀಟರಿನ ಪಕ್ಕದಲ್ಲಿ, ಅವನು ಇಟ್ಟದ್ದು ಒಂದು ಕೈಗವಸು. ಎಡಗೈಯದು. ಬೂದು ಉಣ್ಣೆ, ಬೆರಳ ತುದಿಯವರೆಗೆ ಹತ್ತುವ ನೀಲಿ ಅಂಕುಡೊಂಕು ಗೆರೆ, ಮಣಿಕಟ್ಟಿನ ಸುತ್ತ ಮೂರು ಸಾಲು ಕೆಂಪು.

ಆ ಮಾದರಿಯನ್ನು ಹೆಣೆಯುತ್ತಿದ್ದ ಕೈಗಳು ಕೋರ್ಪಿವಾರಾದಲ್ಲಿ ಎರಡೇ. ಅವು ಇರ್ಯಾಳ ತಾಯಿಯವು. ವರ್ಷಕ್ಕೆ ಎರಡು ಜೊತೆ ಮಾತ್ರ, ಇಬ್ಬರು ಹೆಣ್ಣುಮಕ್ಕಳಿಗೆ. ಈ ವರ್ಷದ ಒಂದು ಜೊತೆ ಇರ್ಯಾಳ ಕೋಟಿನ ಜೇಬಿನಲ್ಲೇ ಇತ್ತು. ಕೈ ಹಾಕಿ ನೋಡಿಕೊಂಡಳು, ಎರಡೂ ಇದ್ದವು.

ಇನ್ನೊಂದು ಜೊತೆ ಹೋದದ್ದು ದೂರದ ಔಲು ಪಟ್ಟಣಕ್ಕೆ, ತಂಗಿ ಓರ್ವೊಕ್ಕಿಗೆ. ಜಗಳವಾಡಿ ಊರು ಬಿಟ್ಟು ಒಂದೂವರೆ ವರ್ಷದಿಂದ ಈ ಕಡೆ ತಲೆ ಹಾಕದ ಓರ್ವೊಕ್ಕಿಗೆ.

ಒಲೆಯಲ್ಲಿ ಕಟ್ಟಿಗೆ ಚಟಪಟಗುಟ್ಟಿತು.

"ನಿನ್ನ ಮೇಲಿನ ಪ್ರೀತಿಗಲ್ಲ," ಎಂದ ರೈನೆರ್. "ನಿಮ್ಮಮ್ಮನ ಮುಖ ನೋಡಿ ಸುಮ್ಮನಿದ್ದೆ. ನಾನು ಚಿಕ್ಕವನಿದ್ದಾಗ ಎರಡು ಚಳಿಗಾಲ ನನಗೆ ಊಟ ಹಾಕಿದ ಹೆಂಗಸು ಆಕೆ." ಅವನ ದನಿ ಮೊದಲ ಸಲ ಮೆತ್ತಗಾಯಿತು. "ಈಗಲೂ ಏನೂ ಕೆಟ್ಟಿಲ್ಲ, ಇರ್ಯಾ. ಇಲ್ಲಿರೋದು ನಾವು ಮೂರೇ ಜನ. ಸೆನ್ಸರ್ ಕೆಟ್ಟಿತ್ತು. ಗಾಡಿ ಅಂಗಳದಲ್ಲೇ ಇತ್ತು. ಅಪರಿಚಿತ ವಾಹನ. ಕೈಗವಸು ಒಲೆಗೆ ಹೋಗಲಿ."

ಇರ್ಯಾ ಕೈಗವಸನ್ನು ನೋಡುತ್ತ ನಿಂತಳು. ಓರ್ವೊಕ್ಕಿಗೆ ಏಳು ವರ್ಷವಿದ್ದಾಗ ಕೆರೆಯ ಮಂಜುಗಡ್ಡೆ ಒಡೆದು ಒಳಗೆ ಬಿದ್ದಿದ್ದಳು. ಹೊಟ್ಟೆಯ ಮೇಲೆ ತೆವಳಿ ಹೋಗಿ ಅವಳ ಜಡೆ ಹಿಡಿದು ಮೇಲಕ್ಕೆಳೆದದ್ದು ಇರ್ಯಾ. ಆಗ ಯೋಚನೆ ಮಾಡಿರಲಿಲ್ಲ. ಮಾಡಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಆಮೇಲೆ ಹಿಮದ ಮೇಲಿನ ಆ ಮೂವತ್ತೆಂಟು ಮೀಟರ್ ಕಣ್ಣ ಮುಂದೆ ಬಂತು.

"ಹುಡುಗಿ," ಎಂದಳು ಸಾಯ್ಮಾ. ಅವಳ ಕೈಯಲ್ಲಿ ವರದಿಯ ಹಾಳೆ, ಪೆನ್ನು ಎರಡೂ ಇದ್ದವು. ದನಿ ಒರಟಾಗಿತ್ತು. "ಏನು ಬರೀಲಿ ಅಂತ ನಾನು ಕೇಳಬಾರದು. ಆದ್ರೂ ಕೇಳ್ತಾ ಇದೀನಿ. ಒಂದೇ ಸಲ ಕೇಳ್ತೀನಿ."

"ನೋಡಿದ್ದನ್ನ ಬರಿ."

"ಎಲ್ಲವನ್ನೂ?"

"ಸೊನ್ನೆಗೆ ಎಷ್ಟು, ನೂರಕ್ಕೆ ಎಷ್ಟು, ಅರವತ್ತಮೂರಕ್ಕೆ ಎಷ್ಟು. ಸೆನ್ಸರ್ ಸರಿಯಾಗಿದೆ. ಕೆಳಗೆ ಸಹಿ ಹಾಕು."

ರೈನೆರ್ ತಲೆ ಅಲ್ಲಾಡಿಸಿದ. "ನಿನ್ನ ಸ್ವಂತ ತಂಗಿ ಕಣೇ."

"ಹೌದು. ನನ್ನ ತಂಗಿ. ಅದಕ್ಕೇ ಈ ಕೇಸು ಇನ್ನು ನನ್ನ ಕೈಯಲ್ಲಿ ಇರಬಾರದು. ಸಂಜೆ ನಾನೇ ನಗರಕ್ಕೆ ಫೋನ್ ಮಾಡಿ ಹೇಳ್ತೀನಿ, ಬೇರೆಯವರನ್ನ ಕಳಿಸಿ ಅಂತ. ಆದ್ರೆ ಮುಚ್ಚೋಕೆ ಬಿಡಲ್ಲ. ನಿನಗೂ ಬಿಡಲ್ಲ, ಅವರಿಗೂ ಬಿಡಲ್ಲ." ಅವಳು ಕೈಗವಸನ್ನು ಚಿಮಟದಲ್ಲಿ ಎತ್ತಿ ಕಾಗದದ ಚೀಲಕ್ಕೆ ಹಾಕಿದಳು.  ಚೀಲದ ಮೇಲೆ ದಿನಾಂಕ ಬರೆಯುವಾಗ ಒಂದು ಅಂಕಿ ತಪ್ಪಿತು. ಅದನ್ನು ಹೊಡೆದುಹಾಕಿ ಮತ್ತೆ ಬರೆದಳು. "ನೀನು ಊರು ಬಿಟ್ಟು ಹೋಗಬೇಡ. ಸಾಕ್ಷ್ಯ ಬಚ್ಚಿಟ್ಟಿದ್ದಕ್ಕೆ ನಿನ್ನ ಮೇಲೂ ಬರೀತೀನಿ."

"ಬರಿ. ನಿಮ್ಮಮ್ಮನಿಗೆ ಯಾರು ಹೇಳ್ತಾರೆ?"

"ನಾನು."

ಸಾಯ್ಮಾ ಸಹಿ ಹಾಕಿದಳು. ಹಾಳೆಯ ಮೇಲೆ ಅವಳ ಹೆಬ್ಬೆರಳಿನ ಎಣ್ಣೆ ಗುರುತು ಸಹಿಗಿಂತ ದೊಡ್ಡದಾಗಿ ಮೂಡಿತು.

ಇರ್ಯಾ ಕಿಟಕಿಯ ಬಳಿಗೆ ಹೋಗಿ ಫೋನ್ ತೆಗೆದಳು. ಅಧಿಕಾರಿಯಾಗಿ ಈ ಕರೆ ಮಾಡಬಾರದೆಂದು ಅವಳಿಗೆ ಗೊತ್ತಿತ್ತು. ಒಂದೂವರೆ ವರ್ಷ ಅಕ್ಕನಾಗಿ ಮಾಡದೇ ಇದ್ದದ್ದೂ ಗೊತ್ತಿತ್ತು. ಓರ್ವೊಕ್ಕಿಯ ಹೆಸರನ್ನು ಹುಡುಕಿ ಒತ್ತಿದಳು.

ಒಂದೇ ರಿಂಗಿಗೆ ಯಾರೋ ಎತ್ತಿದರು.

"ಓರ್ವೊಕ್ಕಿ?"

ಆ ಕಡೆಯಿಂದ ಬಂದದ್ದು ಗಂಡಸಿನ ದನಿ. ವಯಸ್ಸಾದ, ಅಪರಿಚಿತ, ಬಹಳ ಹೊತ್ತು ನಿದ್ದೆ ಕೆಟ್ಟವನ ದನಿ.

"ಈ ಫೋನು ತೆರೆಯೋಕೆ ನನಗೆ ಬರಲಿಲ್ಲ, ಯಾರಾದರೂ ಈ ನಂಬರಿಗೆ ಫೋನ್ ಮಾಡಲಿ ಅಂತ ಮಂಗಳವಾರದಿಂದ ಕಾಯ್ತಾ ಇದೀನಿ," ಎಂದನು ಅವನು. "ನೀವು ಅಕ್ಕ ತಾನೇ? ಪೊಲೀಸ್ ಅಕ್ಕ? ಪೊಲೀಸಾಗಿ ಬರಬೇಡಿ. ಒಬ್ಬರೇ ಬನ್ನಿ. ಬೇಗ ಬನ್ನಿ. ನಿಮ್ಮ ತಂಗಿ ಎರಡು ದಿನದಿಂದ ಒಂದೇ ಮಾತು ಹೇಳ್ತಾ ಇದಾಳೆ, ಗಾಡಿಯಲ್ಲಿ ತಾನು, ಆರ್ವಿ ಅಲ್ಲದೆ ಮೂರನೆಯವನೊಬ್ಬ ಇದ್ದ ಅಂತ."